ಸಿಗಡಿ ವ್ಯಾನಿನ ಏಲಂ

ಗುಫೂಲ್

ಬಹ್ರೇನಿಗೆ ಹೋಗಿ ಬಂದವನ ಹತ್ತಿರ ನಮ್ಮ ಪುತ್ತೂರಿನವರು ಕೇಳುವ ಪ್ರಶ್ನೆ ಎರಡೇ: ಸೆಕೆ ಎಷ್ಟಿತ್ತು, ಚಿನ್ನ ಎಷ್ಟು ತಂದಿರಿ. ನಾನು ಹೋದದ್ದು ನವೆಂಬರಿನಲ್ಲಿ, ಸೆಕೆ ನಮ್ಮಲ್ಲಿಗಿಂತ ಕಡಿಮೆಯೇ ಇತ್ತು. ಚಿನ್ನ ತರಲಿಲ್ಲ. ತಂದದ್ದು ಒಂದು ವ್ಯಾನಿನ ಕಥೆ, ಅದನ್ನು ಕಸ್ಟಮ್ಸಿನವರೂ ಹಿಡಿಯಲಿಲ್ಲ.

ನಾನು ವಕೀಲ. ಕೊಲೆ, ದರೋಡೆ ಕೇಸುಗಳಲ್ಲಿ ಹೆಸರು ಮಾಡಿದವನಲ್ಲ. ಪೊಲೀಸರು ಹಿಡಿದಿಟ್ಟ ವಸ್ತುಗಳನ್ನು ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಡುವುದು ನನ್ನ ಕಸುಬು. ಅಂಥ ವಸ್ತುವಿಗೆ ನಮ್ಮಲ್ಲಿ ಮುದ್ದೆಮಾಲು ಎನ್ನುತ್ತಾರೆ, ಹಾಗಾಗಿ ನನಗೂ ಮುದ್ದೆಮಾಲು ರೈ ಎಂಬ ಹೆಸರು ಬಿದ್ದಿದೆ. ಮರಳು ಸಾಗಿಸಿದ ಟಿಪ್ಪರು, ಸಾರಾಯಿ ಸಾಗಿಸಿದ ರಿಕ್ಷಾ, ಯಾರದೋ ಜಗಳದಲ್ಲಿ ಸಿಕ್ಕಿಬಿದ್ದ ಬೈಕು, ಎಲ್ಲವೂ ನನ್ನ ಕಕ್ಷಿದಾರರೇ. ಕೋಳಿ ಅಂಕಕ್ಕೆ ದಾಳಿಯಾದರೆ ಹುಂಜಗಳೂ ಮುದ್ದೆಮಾಲು. ಅವಕ್ಕೆ ದಿನಾ ಕಾಳು ಹಾಕುವವರು ಯಾರು? ಹಾಗಾಗಿ ಬೇಗನೆ ಏಲಂ ಹಾಕಿಬಿಡುತ್ತಾರೆ. ಆಗ ನೋಡಬೇಕು ಜನ ಸೇರುವುದನ್ನು! ಕೊಲೆ ಕೇಸಿನ ತೀರ್ಪಿಗೂ ಅಷ್ಟು ಜನ ಬರುವುದಿಲ್ಲ.

ತಂಗಿ ಸುಜಾತ, ಅವಳ ಗಂಡ ರಮೇಶ ಭಾವ ಇರುವುದು ಮನಾಮದ ಗುಫೂಲಿನಲ್ಲಿ. "ಅಣ್ಣ, ನೀನು ಕೋರ್ಟಿನ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲು ಹತ್ತಿದ್ದೇ ಇಲ್ಲ, ಒಂದು ತಿಂಗಳು ಬಂದು ಹೋಗು" ಎಂದು ವರ್ಷಗಟ್ಟಲೆ ಕರೆದು, ಕೊನೆಗೆ ಟಿಕೆಟನ್ನೇ ಕಳಿಸಿಬಿಟ್ಟಳು. ಪುಕ್ಕಟೆ ಟಿಕೆಟು ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಮೊದಲ ಬೆಳಿಗ್ಗೆಯೇ ರಸ್ತೆ ದಾಟಲು ಹೋಗಿ ಮರ್ಯಾದೆ ಕಳೆದುಕೊಂಡೆ. ಒಂದು ದೊಡ್ಡ ಕಾರು ಬಂತು, ನಾನು ಅಭ್ಯಾಸದಂತೆ ಹಿಂದೆ ಸರಿದೆ. ಕಾರು ನಿಂತಿತು. ಹೋಗಿ ಮಾರಾಯ್ರೆ ಎಂದು ಕೈ ಮಾಡಿದೆ. ಒಳಗಿನವರೂ ನೀವು ಹೋಗಿ ಎಂದು ಕೈ ಮಾಡಿದರು. ನಮ್ಮಲ್ಲಿ ಕಾರು ನಿಂತರೆ ಒಂದೋ ವಿಳಾಸ ಕೇಳಲಿಕ್ಕೆ, ಇಲ್ಲ ಬೈಯಲಿಕ್ಕೆ. ನಾನು ಅಲುಗಾಡಲಿಲ್ಲ. ಕೊನೆಗೆ ಬಿಳಿ ನಿಲುವಂಗಿಯ ಆ ಯಜಮಾನರು ಕೆಳಗಿಳಿದು, ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿ, ಎದೆಗೆ ಕೈಯಿಟ್ಟು ಏನೋ ಹಾರೈಸಿ ಹೋದರು. ನನಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡಿರಬೇಕು. ಇದನ್ನು ಹೇಳಿದ್ದಕ್ಕೆ ಭಾವ ಮೂರು ದಿನ ನಕ್ಕ.

ಗುದೈಬಿಯಾ

ಊಟದ ವಿಷಯದಲ್ಲಿ ನನಗೆ ಹಟವಿದೆ. ಕುಚ್ಚಲಕ್ಕಿ ಅನ್ನ ಬೇಕು, ಸಾರಿಗೆ ತೆಂಗಿನಕಾಯಿ ಅರೆದಿರಬೇಕು. ಸುಜಾತ ಆಫೀಸಿಗೆ ಹೋಗುವವಳು. "ಲವೀನಾಬಾಯಿಯ ಡಬ್ಬಿ ತರಿಸ್ತೇನೆ. ತಿಂದು ನೋಡು, ಆಮೇಲೆ ಊರಿಗೇ ಹೋಗುವುದಿಲ್ಲ ಅಂತೀ" ಎಂದಳು.

ಲವೀನಾ ಶಿರ್ವದ ಕಡೆಯವರು. ಗಂಡ ತೀರಿಕೊಂಡ ಮೇಲೆ ಉಮ್ ಅಲ್ ಹಸ್ಸಮ್‌ನಲ್ಲಿ ಲೈಸೆನ್ಸು ಮಾಡಿಸಿಕೊಂಡು ಸಣ್ಣದೊಂದು ಅಡುಗೆಮನೆ ಇಟ್ಟಿದ್ದಾರೆ. ಗುದೈಬಿಯಾದ ಹಳೇ ಫ್ಲಾಟುಗಳಲ್ಲಿ ಒಂದೊಂದು ಕೋಣೆಯಲ್ಲಿ ಆರೇಳು ಜನ ಇರುವ ನಮ್ಮ ಹುಡುಗರಿಗೆ ಮಧ್ಯಾಹ್ನದ ಊಟ ಅಲ್ಲಿಂದಲೇ. ಡಬ್ಬಿ ನಾನೇ ತರುತ್ತೇನೆಂದು, ಅವರು ಹಂಚಲು ಬರುವ ಹೊತ್ತಿಗೆ ಗುದೈಬಿಯಾಕ್ಕೆ ಹೋದೆ. ನೋಡಿದರೆ ಟ್ಯಾಕ್ಸಿಯಿಂದ ಒಬ್ಬ ಹೆಂಗಸು ಡಬ್ಬಿಗಳ ಮೂಟೆ ಇಳಿಸಿ, ತಳ್ಳುಗಾಡಿಗೆ ಹೇರಿ, ಲಿಫ್ಟಿಲ್ಲದ ಕಟ್ಟಡದೆದುರು ಏದುಸಿರು ಬಿಡುತ್ತಿದ್ದಾರೆ.

ಲವೀನಾಬಾಯಿಯೇ. ಸುಜಾತಳ ಅಣ್ಣ ಎಂದು ಪರಿಚಯ ಹೇಳಿಕೊಂಡು, "ನಿಮಗೆ ಒಂದು ವ್ಯಾನು ಬೇಡವಾ?" ಎಂದೆ.

"ಇತ್ತು ರೈಗಳೇ. ಪೊಲೀಸರ ಹತ್ರ ಉಂಟು ಈಗ."

ನನ್ನ ಕಿವಿ ನೆಟ್ಟಗಾಯಿತು. ಪ್ರವಾಸಕ್ಕೆ ಬಂದವನೆಂಬುದನ್ನು ಮರೆತು, ಎರಡು ಡಬ್ಬಿ ನಾನೇ ಹೊತ್ತುಕೊಂಡು, ಮೆಟ್ಟಿಲು ಹತ್ತುತ್ತಾ ವಿಚಾರಣೆ ಶುರುಮಾಡಿದೆ.

ವಿಷಯ ಇಷ್ಟು. ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ಸಿಗಡಿ ಹಿಡಿಯಬಾರದು, ಅದು ಮೊಟ್ಟೆಯಿಡುವ ಕಾಲ. ಕಳೆದ ವರ್ಷ ಆ ಕಾಲದಲ್ಲೇ ಇವರ ಡ್ರೈವರ್ ಬಶೀರ್, ಉಳ್ಳಾಲದವನು, ಬೆಳಗಿನ ಜಾವ ವ್ಯಾನನ್ನು ದಡಕ್ಕೆ ಒಯ್ದು ಯಾರೋ ಕದ್ದು ಹಿಡಿದ ಸಿಗಡಿ ತುಂಬಿಸಿಕೊಂಡಿದ್ದ. ಸಿಕ್ಕಿಬಿದ್ದ. ಅವನಿಗೆ ದಂಡವಾಯಿತು, ಕಟ್ಟಿ ಹೊರಬಂದ. ವ್ಯಾನು ಬರಲಿಲ್ಲ. ಮುಟ್ಟುಗೋಲಾಯಿತು.

"ಅನ್ಯಾಯ!" ಎಂದೆ, ಮೂರನೇ ಮಾಳಿಗೆಯಲ್ಲಿ. "ತಪ್ಪು ಮಾಡಿದವನಿಗೆ ಬಿಡುಗಡೆ, ಗಾಡಿಗೆ ಶಿಕ್ಷೆ. ನಮ್ಮಲ್ಲೂ ಇದೇ ಹಣೆಬರಹ. ಆದರೆ ಮಾಲಕರಿಗೆ ಗೊತ್ತಿರಲಿಲ್ಲ ಅಂತ ತೋರಿಸಿದರೆ ಬಿಡ್ತಾರೆ. ಗೊತ್ತಿರಲಿಲ್ಲ ಅಂತ ನೀವು ಹೇಳ್ಲಿಲ್ವಾ?"

"ಕೇಳಿದ್ರು. ಅವನು ಸಿಗಡಿ ತರುವುದು ನಿನಗೆ ಗೊತ್ತಿತ್ತಾ ಅಂತ."

"ಇಲ್ಲ ಅಂದಿರಿ ತಾನೇ?"

"ಹಿಂದಿನ ವಾರವೂ ತಂದಿದ್ದ ಅಂದೆ. ಅದರ ಸುಕ್ಕ ಮಾಡಿ ಬಡಿಸಿದ್ದು ನಾನೇ ಅಂದೆ."

ನಾನು ಡಬ್ಬಿ ಕೆಳಗಿಟ್ಟೆ. "ಅಯ್ಯೋ ಬಾಯಮ್ಮ! ನಿಮ್ಮನ್ನು ಯಾರು ಸುಕ್ಕದ ವಿಷಯ ಕೇಳಿದ್ದು?"

"ಬೈಬಲ್ ಮುಟ್ಟಿ ಬೆಳೆದವಳು ರೈಗಳೇ, ಜಡ್ಜರ ಮುಖ ನೋಡಿ ಸುಳ್ಳು ಬರ್ಲಿಲ್ಲ" ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅಗ್ಗಕ್ಕೆ ಎಲ್ಲಿಂದ ತಂದಿ ಅಂತ ನಾನು ಅವನನ್ನು ಕೇಳ್ಲಿಲ್ಲ, ಅದು ನನ್ನ ತಪ್ಪು. ಆದ್ರೆ ವ್ಯಾನು ಹೊರಗೆ ತೆಗೆದದ್ದು ಅವನು. ಆ ಬಶೀರನ ಹೆಸರು ಮಾತ್ರ ನನ್ನ ಎದುರು ಎತ್ತಬೇಡಿ. ಅವನ ಫೋನನ್ನೂ ನಾನು ಎತ್ತುವುದಿಲ್ಲ."

ಆ ವ್ಯಾನು ಬರುವ ವಾರ ಏಲಂಗೆ ಬರುತ್ತದಂತೆ. ಒಳಗೆ ಪಾತ್ರೆ ಅಲುಗಾಡದಂತೆ ಕಬ್ಬಿಣದ ಚೌಕಟ್ಟು ಮಾಡಿಸಿದ ಗಾಡಿ. ಅಂಥದ್ದು ಹೊಸದಾಗಿ ಮಾಡಿಸಲು ತನ್ನಿಂದಾಗದು, ಏಲಂನಲ್ಲಿ ಅಗ್ಗಕ್ಕೆ ಸಿಕ್ಕರೆ ಸಿಕ್ಕಿತು ಎಂದರು ಲವೀನಾ. ಸಿಗದಿದ್ದರೆ ಅಡುಗೆಮನೆ ಮುಚ್ಚಿ ಯಾವುದಾದರೂ ಹೋಟೆಲಿನಲ್ಲಿ ಕೆಲಸಕ್ಕೆ ಸೇರುತ್ತಾರಂತೆ. ಟ್ಯಾಕ್ಸಿ ಬಾಡಿಗೆಯಲ್ಲೇ ಲಾಭವೆಲ್ಲ ತೊಳೆದುಹೋಗುತ್ತಿತ್ತು. ಮಂಡಿಯೂ ಕೈಕೊಟ್ಟಿತ್ತು.

ಬೇಲಿಯ ಹೊರಗೆ

ಬೇರೆ ಪ್ರವಾಸಿಗರು ಕೋಟೆ ನೋಡುತ್ತಾರೆ, ಮರುಭೂಮಿಯ ನಡುವೆ ಒಂಟಿಯಾಗಿ ನಿಂತ ಮರ ನೋಡುತ್ತಾರೆ. ನಾನು ಭಾವನ ಜೀವ ತಿಂದು, ಹಿಡಿದ ಗಾಡಿಗಳನ್ನು ನಿಲ್ಲಿಸುವ ಅಂಗಳ ನೋಡಲು ಹೋದೆ.

"ಭಾವ, ಜನ ಇಲ್ಲಿಗೆ ಬಂದ್ರೆ ಮಾಲ್‌ಗೆ ಹೋಗ್ತಾರೆ" ಎಂದ ಅವನು, ಕಾರು ನಿಲ್ಲಿಸುತ್ತಾ. ಅವನಿಗೆ ನಾನೂ ಭಾವನೇ.

ನಮ್ಮ ಠಾಣೆಗಳ ಹಿತ್ತಿಲು ನಿಮಗೆ ಗೊತ್ತೇ ಇದೆ. ಹಿಡಿದ ಜೀಪಿನ ಮೇಲೆ ಬಳ್ಳಿ ಹಬ್ಬಿರುತ್ತದೆ, ರಿಕ್ಷಾದೊಳಗೆ ನಾಯಿ ಮರಿ ಹಾಕಿರುತ್ತದೆ, ಕೇಸು ಮುಗಿಯುವಾಗ ಗಾಡಿ ಗುಜರಿಗೂ ಬೇಡವಾಗಿರುತ್ತದೆ. ಇಲ್ಲಿ ಬಳ್ಳಿ ಹಬ್ಬಲು ಮಳೆಯಿಲ್ಲ. ಸಾಲಾಗಿ ನಿಲ್ಲಿಸಿದ ಗಾಡಿಗಳ ಮೇಲೆ ಬೂದುಬಣ್ಣದ ಧೂಳು ಮಾತ್ರ. ಬೇಲಿಯ ಹೊರಗಿನಿಂದಲೇ ಲವೀನಾರ ಬಿಳಿ ವ್ಯಾನನ್ನು ಹುಡುಕಿದೆವು. ಚಕ್ರಗಳ ಗಾಳಿ ಇಳಿದಿತ್ತು, ಉಳಿದಂತೆ ಗಟ್ಟಿಮುಟ್ಟಾಗಿಯೇ ಇತ್ತು. ಊರಿನ ನನ್ನ ಕಕ್ಷಿದಾರರ ಗಾಡಿಗಳಿಗೆ ಇಂಥ ಭಾಗ್ಯವಿಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹತ್ತಿರದ ಚಾದಂಗಡಿಯ ಬೆಂಚಿನಲ್ಲಿ ಒಬ್ಬ ಮುದುಕರು ಕುಳಿತಿದ್ದರು, ಬಹ್ರೇನಿನವರೇ. ನನ್ನ ಹಿಂದಿ ಕೇಳಿ ಅವರಿಗೆ ಕನಿಕರವಾಗಿರಬೇಕು, ನನಗಿಂತ ಸ್ವಚ್ಛ ಹಿಂದಿಯಲ್ಲಿ ಮಾತಿಗಿಳಿದರು. ಹಿಂದೆ ಸ್ವಂತ ದೋಣಿ ಇದ್ದವರಂತೆ. ಚಾ ಅವರೇ ತರಿಸಿದರು, ದುಡ್ಡು ಕೊಡಲು ಹೋದರೆ ಕೈಯನ್ನೇ ಹಿಡಿದುಬಿಟ್ಟರು. ಅವರ ಹತ್ತಿರ ನನ್ನ ವಾದ ಮಂಡಿಸಿದೆ. ಹಿಡಿದವರೇ ಮಾರಿ, ಆ ದುಡ್ಡು ಹಿಡಿದವರಿಗೇ ಹೋದರೆ ನ್ಯಾಯ ಎಲ್ಲಿ ಉಳಿಯಿತು? ನಮ್ಮಲ್ಲಿ ಕಳ್ಳಸಾಗಣೆಯ ಮಾಲು ಹಿಡಿದ ಅಧಿಕಾರಿಗೂ ಸುಳಿವು ಕೊಟ್ಟವನಿಗೂ ಬಹುಮಾನ ಎಂದು ಪಾಲು ಕೊಡುವುದುಂಟು. ಹಿಡಿದದ್ದರಲ್ಲೇ ಹೊಟ್ಟೆ ತುಂಬಬೇಕಾದರೆ ಹಸಿವಾದಾಗಲೆಲ್ಲ ಹಿಡಿಯುವ ಮನಸ್ಸಾಗುವುದಿಲ್ಲವೇ?

"ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ ಅಂತ ಕೇಳಿದ್ದೇನೆ, ನನಗೂ ಸರಿಯಾಗಿ ಗೊತ್ತಿಲ್ಲ" ಎಂದರು ಮುದುಕರು. "ಹಸಿವಿನ ಮಾತು ನೀವು ಹೇಳಿದ್ದು ಸರಿ. ಆದರೆ ಕಾವಲು ದೋಣಿಗೂ ಎಣ್ಣೆ ಬೇಕಲ್ಲ? ಯಾರೂ ಕಾಯದಿದ್ದರೆ ನನ್ನ ಮೊಮ್ಮಗ ಸಿಗಡಿಯನ್ನು ಚಿತ್ರದಲ್ಲಿ ನೋಡಬೇಕು."

ನಮ್ಮ ಕಡಲಲ್ಲೂ ಮಳೆಗಾಲದ ನಿಷೇಧ ಮುರಿದು ಬಲೆ ಬೀಸುವವರಿದ್ದಾರೆ, ಅವರ ವಕಾಲತ್ತು ಹಾಕಿದವನೂ ನಾನೇ. ಚಾ ಬಹಳ ಚೆನ್ನಾಗಿತ್ತು, ಇನ್ನೊಂದು ಕುಡಿದು ಬಂದೆ.

ಮತ್ತೆ ಗುಫೂಲ್

ಶುಕ್ರವಾರ ಅಲ್ಲಿ ರಜೆ. ಸುಜಾತ ಲವೀನಾರನ್ನು ಊಟಕ್ಕೆ ಕರೆದಿದ್ದಳು. ಬೇರೆಯವರ ಅಡುಗೆ ತಿನ್ನುವುದೇ ಒಂದು ಸುಖ ಎಂದು ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಊಟದ ನಂತರ ನಾನು, ಆ ಮುದುಕರ ಕಾವಲು ದೋಣಿಯ ಮಾತನ್ನೂ ಸೇರಿಸಿ, ಏಲಂ ಶಾಸ್ತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ.

"ನಮ್ಮಲ್ಲಿ ಒಂದು ಮರ್ಯಾದೆ ಉಂಟು. ಗಾಡಿಯ ಮಾಲಕನೇ ಕೂಗಲಿಕ್ಕೆ ಬಂದ್ರೆ ಊರವರು ಬಾಯಿ ಮುಚ್ಚಿಕೊಳ್ತಾರೆ. ಅವನ ಅನ್ನಕ್ಕೆ ಅಡ್ಡ ಹೋಗುವುದಿಲ್ಲ."

"ಇಲ್ಲಿ ಯಾರು ಮಾಲಕ, ಯಾರು ಊರವ ಅಂತ ಹೇಗೆ ಗೊತ್ತಾಗ್ಬೇಕು?" ಎಂದ ಭಾವ. "ಎಲ್ಲ ಮೊಬೈಲಿನಲ್ಲಿ. ಯಾರು ಕೂಗಿದ್ದು ಅಂತ ಕಾಣುವುದೇ ಇಲ್ಲ, ರೇಟು ಮಾತ್ರ ಕಾಣ್ತದೆ."

ಲವೀನಾ ತನ್ನ ಮಿತಿ ಹೇಳಿದರು. ಅದಕ್ಕಿಂತ ಒಂದು ದಿನಾರು ಮೇಲೆ ಹೋದರೂ ಕೈಬಿಡುವುದು. ಸುಜಾತ ಸಾಲ ಕೊಡುತ್ತೇನೆಂದಳು.

"ಬೇಡ ಸುಜಾತ. ಒಬ್ಬರ ಹಂಗಿನಲ್ಲಿ ಅನ್ನ ಬೇಯಿಸಿದ್ರೆ ಅದು ಬೇಯುವುದಿಲ್ಲ" ಎಂದು ಎದ್ದು ಪಾತ್ರೆ ತೊಳೆಯಲು ಹೋದರು. ಅತಿಥಿ ಪಾತ್ರೆ ತೊಳೆಯಬಾರದೆಂದರೂ ಕೇಳಲಿಲ್ಲ.

ಆ ನಲ್ಲಿಯ ಸದ್ದಿನಲ್ಲೇ ನಾವು ಮೂವರು ಒಳಸಂಚು ಮಾಡಿದೆವು. ಕೂಗಲು ಅಲ್ಲಿಯ ಗುರುತಿನ ಚೀಟಿ ಬೇಕು, ನನ್ನದು ಬರೀ ವಿಸಿಟ್ ವೀಸಾ. ಹಾಗಾಗಿ ಮುಂಗಡ ಕಟ್ಟಿ ಕೂಗುವವನು ಭಾವ. ಏಲಂ ಹೊತ್ತಿಗೆ ನಾನು ಲವೀನಾರ ಪಕ್ಕ ಕೂರುವುದು. ಅವರು ಕೈಬಿಟ್ಟ ಕ್ಷಣ ಮೊಬೈಲಿನಲ್ಲಿ ಸನ್ನೆ ಕಳಿಸುವುದು, ಅಲ್ಲಿಂದ ಮುಂದೆ ಭಾವ ಕೂಗುವುದು. ಖರ್ಚು ಅರ್ಧ ನನ್ನದು, ಅರ್ಧ ಅವನದು. ಆಮೇಲೆ ವ್ಯಾನನ್ನು, ನಾವು ಬೇಡವೆಂದು ಮಾರುತ್ತಿದ್ದೇವೆ ಎಂಬಂತೆ, ಅವರಿಗೆ ಅಗ್ಗಕ್ಕೆ ದಾಟಿಸುವುದು. ಹುಂಜದ ಏಲಂಗಳಲ್ಲಿ ಇಂಥ ಆಟ ಎಷ್ಟು ನೋಡಿಲ್ಲ ನಾನು! ನನ್ನ ಜಾಣ್ಮೆಗೆ ನಾನೇ ಮೆಚ್ಚಿ ಆ ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದೆ.

ಉಮ್ ಅಲ್ ಹಸ್ಸಮ್

ಏಲಂ ದಿನ ಸಂಜೆ ಲವೀನಾರ ಅಡುಗೆಮನೆಯಲ್ಲಿ ಈರುಳ್ಳಿಯ ರಾಶಿಯ ಮುಂದೆ ಕುಳಿತೆವು. ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿ ಇಟ್ಟಿದ್ದರು. ಏಲಂ ಎಂದರೆ ನನಗೆ ಗದ್ದಲ ಬೇಕು, ಬೆಲೆ ಸಾರುವ ಕೋರ್ಟು ಅಮೀನನ ಗಂಟಲು ಬೇಕು, ಹಿಂದಿನಿಂದ ಯಾರಾದರೂ ತಮಾಷೆ ಮಾಡಬೇಕು. ಇಲ್ಲಿ ಟುಳುಕ್ ಎಂಬ ಸದ್ದು, ಅಂಕಿ ಬದಲಾಗುವುದು, ಅಷ್ಟೇ.

ಮೊದಮೊದಲು ಯಾರೋ ಒಂದಿಬ್ಬರು, ಗುಜರಿಯವರಿರಬೇಕು, ಬಂದು ಬೇಗನೆ ಕೈಬಿಟ್ಟರು. ಆಮೇಲೆ ಒಬ್ಬ ಉಳಿದ. ಲವೀನಾ ಒತ್ತಿದರೆ ತಕ್ಷಣ ಅವನು ಮೇಲೆ. ಮತ್ತೆ ಲವೀನಾ, ಮತ್ತೆ ಅವನು. ಮಿತಿ ಬಂತು. ಅವನು ಅದನ್ನೂ ದಾಟಿದ.

"ಆಯ್ತು, ಮುಗೀತು" ಎಂದು ಲವೀನಾ ಕೈ ಹಿಂದಕ್ಕೆಳೆದುಕೊಂಡು ಈರುಳ್ಳಿ ಕೊಯ್ಯಲು ಶುರುಮಾಡಿದರು. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗಲ್ಲ ಎಂದು ನನಗೆ ಗೊತ್ತಿತ್ತು.

ಮೇಜಿನ ಕೆಳಗಿನಿಂದ ಭಾವನಿಗೆ ಸನ್ನೆ ಕಳಿಸಿದೆ. ಟುಳುಕ್. ಬೆಲೆ ಏರಿತು. ಅದು ನಮ್ಮದು! ಆ ಇನ್ನೊಬ್ಬ ಬಿಡಲಿಲ್ಲ. ನಾನು ಮತ್ತೆ ಸನ್ನೆ ಕಳಿಸಿದೆ. ಅವನು ಮತ್ತೆ ಏರಿಸಿದ.

"ಇಬ್ಬರು ಹುಚ್ಚರು ಸಿಕ್ಕಿದ್ದಾರೆ ನೋಡಿ" ಎಂದರು ಲವೀನಾ, ಮೂಗು ಸೇದುತ್ತಾ. "ಆ ಹಳೇ ಗಾಡಿಗೆ ಇಷ್ಟು ಕೊಡುವವರು ಯಾರು ಮಾರಾಯ್ರೆ?"

ಒಬ್ಬ ಹುಚ್ಚ ಅವರ ಪಕ್ಕದಲ್ಲೇ ಕುಳಿತಿದ್ದ. ನನ್ನೊಳಗೆ ಹಟ ಸೇರಿಬಿಟ್ಟಿತ್ತು. ಯಾರೋ ಕಟುಕ ವ್ಯಾಪಾರಿ, ಒಂದು ವಿಧವೆಯ ಅನ್ನದ ಗಾಡಿಯನ್ನು ಕಸಿಯಲು ಕುಳಿತಿದ್ದಾನೆ, ಅವನ ಕಿಸೆ ಖಾಲಿಯಾಗುವವರೆಗೆ ಬಿಡಬಾರದು! ಭಾವನಿಂದ ಸಂದೇಶ ಬಂತು: ಸಾಕಾ? ಇಲ್ಲ ಎಂದೆ. ಮತ್ತೆ ಬಂತು: ಭಾವ, ಸಾಕು. ಇನ್ನೊಂದೇ ಸಲ ಎಂದೆ. ಇನ್ನೊಂದೇ ಸಲ ಎಂದು ಹಲವು ಸಲ ಎಂದೆ. ಕೊನೆಗೆ ಸುಜಾತಳೇ ಬರೆದಳು: ಅಣ್ಣ, ಫೋನು ನನ್ನ ಕೈಯಲ್ಲಿದೆ, ಕೊಡುವುದಿಲ್ಲ.

ವ್ಯಾನು ಆ ಇನ್ನೊಬ್ಬನದಾಯಿತು, ಅದರ ಯೋಗ್ಯತೆಗಿಂತ ಎಷ್ಟೋ ಹೆಚ್ಚಿನ ಬೆಲೆಗೆ. ಲವೀನಾ ಮೊಬೈಲನ್ನು ಬೋರಲು ಹಾಕಿ, "ಬರುವ ತಿಂಗಳಿಂದ ಡಬ್ಬಿ ಇಲ್ಲ ಅಂತ ಗುದೈಬಿಯಾದ ಹುಡುಗರಿಗೆ ಹೇಳ್ಬೇಕು" ಎಂದರು. ಸಮಾಧಾನ ಹೇಳುವುದರಲ್ಲಿ ನಾನು ಪೂರ್ತಿ ದಡ್ಡ. ಉಳಿದ ಈರುಳ್ಳಿ ಸುಲಿದುಕೊಟ್ಟು ಬಂದೆ.

ಉಮ್ ಅಲ್ ಹಸ್ಸಮ್, ಹೊರಡುವ ದಿನ

ಊರಿಗೆ ಹೊರಡುವ ಬೆಳಿಗ್ಗೆ ನಾವು ಮೂವರೂ ಲವೀನಾರಲ್ಲಿಗೆ ಹೋದೆವು, ವಿದಾಯ ಹೇಳಿ ಕೊನೆಯ ಡಬ್ಬಿ ತಿನ್ನಲಿಕ್ಕೆ. ಅಡುಗೆಮನೆಯ ಮುಂದೆ ಒಂದು ಬಿಳಿ ವ್ಯಾನು ನಿಂತಿತ್ತು. ತೊಳೆದು ಒರೆಸಿ, ಚಕ್ರಕ್ಕೆ ಗಾಳಿ ಹಾಕಿದ ವ್ಯಾನು. ಅದರ ಪಕ್ಕ ಗಡ್ಡದ ಒಬ್ಬ ತೆಳ್ಳಗಿನ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ಬಾಗಿಲಲ್ಲಿ ಲವೀನಾ ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು.

"ಬಶೀರ್" ಎಂದು ಪಿಸುಗುಟ್ಟಿದಳು ಸುಜಾತ.

"ಅಕ್ಕ, ನೀವು ಫೋನು ಎತ್ತಲಿಲ್ಲ, ಅದಕ್ಕೇ ಹೇಳ್ಲಿಕ್ಕೆ ಆಗ್ಲಿಲ್ಲ" ಎಂದ ಬಶೀರ್. "ನಾನು ಕಳೆದದ್ದು, ನಾನೇ ತರ್ಬೇಕು ಅಂತ ಇತ್ತು. ಈಗ ಲಾಂಡ್ರಿಯಲ್ಲಿ ಕೆಲಸ. ಚೀಟಿ ದುಡ್ಡು ಎತ್ತಿದೆ, ಊರಿಗೆ ಹೋಗ್ಲಿಕ್ಕೆ ಇಟ್ಟದ್ದೂ ಹಾಕಿದೆ. ಸ್ವಲ್ಪದರಲ್ಲೇ ಸಿಗ್ತದೆ ಅಂತ ಇದ್ದೆ. ಯಾರೋ ಒಬ್ಬ ಹಠ ಹಿಡಿದು ಏರಿಸಿದ ಅಕ್ಕ. ಗುಜರಿಯವನೇ ಇರ್ಬೇಕು. ಗಾಡಿಯನ್ನು ಕೊಯ್ದು ತುಂಡು ಮಾಡ್ತಾನೆ ಅಂತ ಹೆದರಿ ನಾನೂ ಬಿಡ್ಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ಭಾವ ಆಕಾಶ ನೋಡತೊಡಗಿದ. ಅದೆಷ್ಟು ಕಕ್ಷಿದಾರರಿಗೆ ಸುಮ್ಮನಿರಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಬುದ್ಧಿ ಹೇಳಿದವನು ನಾನು! ಆ ಹೊತ್ತು ಸುಮ್ಮನಿರಲಾಗಲಿಲ್ಲ.

"ಗುಜರಿಯವನಲ್ಲ ಬಶೀರ್. ನಾನು" ಎಂದೆ. "ಕೂಗಿದ್ದು ಭಾವ, ಕೂಗಿಸಿದ್ದು ನಾನು. ಲವೀನಾಬಾಯಿಗೆ ಕೊಡಿಸುವ ಅಂತ."

ಬಶೀರ್ ಬಾಯಿ ತೆರೆದುಕೊಂಡು ನನ್ನನ್ನು ನೋಡಿದ. ಲವೀನಾ ನನ್ನನ್ನು ನೋಡಿದರು, ಭಾವನನ್ನು ನೋಡಿದರು.

"ಹಾಗಾದ್ರೆ ಮೊದಲು ನಾನು ಇವನ ಮೇಲೆ ಏರಿಸಿದೆ, ಆಮೇಲೆ ನೀವು ಏರಿಸಿದಿರಿ" ಎಂದರು ನಿಧಾನವಾಗಿ. "ನನ್ನ ಗಾಡಿ ನನಗೇ ಸಿಗ್ಲಿ ಅಂತ ಎಲ್ಲರೂ ಸೇರಿ ಸರ್ಕಾರದ ಕಾವಲು ದೋಣಿಗೆ ಡೀಸೆಲ್ ಹಾಕಿದಿರಿ! ಇನ್ನು ಒಂದು ವರ್ಷ ಇವನಂಥವರನ್ನು ಹಿಡೀಲಿಕ್ಕೆ ಸಾಕು ಅವರಿಗೆ." ಹಾಗೆಂದವರೇ ಬಾಗಿಲಿಗೆ ಒರಗಿ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಈ ಸಲ ಈರುಳ್ಳಿ ಇರಲಿಲ್ಲ. ನಾವೂ ನಕ್ಕೆವು, ಬಶೀರ್ ಮಾತ್ರ ನಗಲೋ ಬೇಡವೋ ಎಂದು ನಿಂತಿದ್ದ.

ನಗು ನಿಂತ ಮೇಲೆ ಲವೀನಾ ಸೌಟನ್ನು ನನ್ನ ಕಡೆ ತಿರುಗಿಸಿದರು. "ರೈಗಳೇ, ಇವನು ಊರಿಗೆ ಹೋಗುವ ದುಡ್ಡು ನಿಮ್ಮ ಹಠಕ್ಕೆ ಹೋಯ್ತು. ಇವನ ಹಬ್ಬಕ್ಕೆ ಇವನು ಉಳ್ಳಾಲದಲ್ಲಿ ಇರ್ಬೇಕು. ಟಿಕೆಟು ನಿಮ್ಮದು. ಏರಿಸಿದವರೇ ತೆರಬೇಕು. ವ್ಯಾನಿನ ಬಾಬ್ತು ನಾನು ಇವನಿಗೆ ತಿಂಗಳು ತಿಂಗಳು ಕೊಡ್ತೇನೆ, ಅದು ನಮ್ಮಿಬ್ಬರ ಲೆಕ್ಕ."

ಬೇಡ ಬೇಡ ಎಂದ ಬಶೀರನ ಮಾತನ್ನು ಯಾರೂ ಕೇಳಲಿಲ್ಲ. ಅಪೀಲಿಗೆ ಅವಕಾಶವಿಲ್ಲದ ತೀರ್ಪು ಅದು. ಇಷ್ಟು ಸಂತೋಷದಿಂದ ನಾನು ಯಾವ ದಂಡವನ್ನೂ ಕಟ್ಟಿಲ್ಲ.

ಬಶೀರ್ ಕಿಸೆಯಿಂದ ವ್ಯಾನಿನ ಕೀ ತೆಗೆದು ಎರಡೂ ಕೈಯಲ್ಲಿ ಲವೀನಾರ ಮುಂದೆ ಹಿಡಿದ. ಅವರು ಅದನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಎರಡು ಕೈಯಲ್ಲೂ ಡಬ್ಬಿಗಳ ಗೊಂಚಲು ಹಿಡಿದುಕೊಂಡು ಬಂದರು.

"ಕೀ ನನಗೆ ಎಂತಕ್ಕೆ? ನನಗೆ ಬಿಡ್ಲಿಕ್ಕೆ ಬರ್ತದಾ?" ಎಂದರು. "ಹಿಂದಿನ ಬಾಗಿಲು ತೆಗಿ. ಆ ಹುಡುಗರು ಹಸಿದು ಕೂತಿದ್ದಾರೆ."